ಮಂಗಳದಿಂದ ಬಂದ ಕೊನೆಯ ಚೀಟಿ

ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ನಿಂತು ಬಂಟ್ವಾಳದ ಬಸ್ಸಿನ ಬೋರ್ಡು ಓದಲು ಹೆಣಗುತ್ತಿದ್ದೆ. ಕಣ್ಣಿನ ಡಾಕ್ಟರು ಬಿಟ್ಟ ಔಷಧಿಯಿಂದ ಅಕ್ಷರಗಳೆಲ್ಲ ಹರಡಿಕೊಂಡಿದ್ದವು. ಸುತ್ತ ಬ್ಯಾಗು ಹೊತ್ತ ಕಾಲೇಜು ಮಕ್ಕಳ ಗದ್ದಲ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ತುಂಬ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ನೀವು ಭೂಮಿ ಅಲ್ವಾ?"

ನನ್ನ ಹೆಸರು ಭೂಮಿ ಅಲ್ಲ. ಆದರೆ ನನ್ನನ್ನು ಹಾಗೆ ಕರೆಯುವ ಹಕ್ಕು ಇದ್ದವರು ಲೋಕದಲ್ಲಿ ಐದೇ ಮಂದಿ. ಅವರಲ್ಲಿ ಒಬ್ಬಳು ತೀರಿಕೊಂಡು ನಲವತ್ತು ವರ್ಷ ದಾಟಿತು. ಮುಖ ನನಗೆ ಮಂಜುಮಂಜಾಗಿ ಕಾಣುತ್ತಿತ್ತು, ಆದರೆ ದನಿ ಹಾಗೆಯೇ ಇತ್ತು.

"ಕ್ಯಾಪ್ಟನ್" ಅಂದೆ.

ಸುಮತಿ ನಕ್ಕಳು. ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ಕಲ್ಲುಬೆಂಚಿನ ಮೇಲೆ ಕೂರಿಸಿದಳು. ಅವಳ ಮಗಳ ಮದುವೆ, ನನ್ನ ಮಂಡಿನೋವು, ಅವಳ ತಾಯಿ ತೀರಿಕೊಂಡದ್ದು, ಎಲ್ಲ ಮಾತಾಡಿ ಆಯಿತು. ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿ ಈಗಷ್ಟೇ ನಿವೃತ್ತಿಯಂತೆ. ಕಾಡಂಚಿನ ಊರುಗಳಿಗೆ ಚುಚ್ಚುಮದ್ದು ತೆಗೆದುಕೊಂಡು ಹೋಗುವ ಕೆಲಸವನ್ನು ಬೇರೆಯವರು ಬೇಡ ಅನ್ನುತ್ತಿದ್ದರೆ ಇವಳು ತಾನಾಗಿ ಕೇಳಿ ತೆಗೆದುಕೊಳ್ಳುತ್ತಿದ್ದಳಂತೆ.

"ಟೀಚರ್, ಒಂದು ಕೇಳ್ತೇನೆ. ಬೇಜಾರು ಮಾಡ್ಬೇಡಿ. ಆ ಕೊನೆಯ ವಾರ ಅವಳ ಚೀಟಿ ನಿಜವಾಗಿಯೂ ಬಂದಿರ್ಲಿಲ್ವಾ?"

ನನ್ನ ಬಸ್ಸು ಬಂತು, ನಿಂತಿತು, ಹೋಯಿತು. ನಾನು ಏಳಲಿಲ್ಲ. ಈ ಪ್ರಶ್ನೆಗೆ ಹೆದರಿಕೊಂಡೇ ನಾನು ಈ ದಾರಿಯನ್ನು ಇಷ್ಟು ವರ್ಷ ತಪ್ಪಿಸಿಕೊಂಡು ತಿರುಗಿದ್ದೆ.

೧೯೮೨ರ ಜೂನ್‌ನಲ್ಲಿ ನಾನು ಸಿದ್ಧಕಟ್ಟೆಯಿಂದ ಒಳಗೆ ಎರಡು ಮೈಲಿ ನಡೆದು ಹೋಗಬೇಕಾದ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದೆ. ವಯಸ್ಸು ಇಪ್ಪತ್ತನಾಲ್ಕು. ಊರು ನೆರಿಯ. ಘಟ್ಟದ ಬುಡದ ಆ ಊರಿನಿಂದ ಹೊರಟು ಬಿ.ಎಸ್ಸಿ., ಬಿ.ಎಡ್. ಮುಗಿಸಿದವಳು ಎಂಬ ಹೆಮ್ಮೆ ತಲೆಯಲ್ಲಿ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ವಾರವಿಡೀ ಸಿದ್ಧಕಟ್ಟೆಯಲ್ಲಿ ಬಾಡಿಗೆಯ ಕೋಣೆ, ಶನಿವಾರ ಸಂಜೆ ಬಂಟ್ವಾಳ, ಬೆಳ್ತಂಗಡಿ ಎಂದು ಬಸ್ಸು ಬದಲಿಸುತ್ತ ಮನೆಗೆ, ಭಾನುವಾರ ಮಧ್ಯಾಹ್ನ ಊಟ ಮಾಡಿ ವಾಪಸು.

ಆ ತಿಂಗಳ ಕೊನೆಗೆ ಮೂಡುಬಿದಿರೆಯಲ್ಲಿ ವಿಜ್ಞಾನ ಶಿಕ್ಷಕರಿಗೆ ಎರಡು ದಿನದ ಶಿಬಿರ ಇತ್ತು. ಮಕ್ಕಳಿಗೆ ಬಾಹ್ಯಾಕಾಶದ ವಿಷಯ ಮುಟ್ಟಿಸುವ ಕೆಲಸದ ಮೇಲೆ ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಸ್ಲೈಡು ತೋರಿಸಿದರು. ಮಂಗಳ ಗ್ರಹದ ಕೆಂಪು ನೆಲ ಗೋಡೆಯ ಮೇಲೆ ಮೂಡಿದಾಗ ನನ್ನ ಹಿಂದೆ ಕೂತಿದ್ದ ಹಿರಿಯ ಮಾಸ್ಟ್ರೊಬ್ಬರು, "ಇದು ನಮ್ಮ ಕೆಂಪುಕಲ್ಲಿನ ಕೋರೆ ಮಾರಾಯ್ರೆ" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ನೆಲದ ಮೇಲೆ ಒಂದೂ ಹೆಜ್ಜೆಗುರುತು ಇರಲಿಲ್ಲ, ಅದು ನನ್ನನ್ನು ಹಿಡಿದುಬಿಟ್ಟಿತು. ಜನವರಿಯಲ್ಲಿ ಅಲ್ಲೇ ಪ್ರದರ್ಶನ ಇಡುವುದಾಗಿಯೂ, ಪ್ರತಿ ಶಾಲೆಯವರು ತಮ್ಮ ಊರಿನಲ್ಲಿ ಸಿಗುವ ವಸ್ತುಗಳಿಂದ ಮಕ್ಕಳಿಗೆ ಬಾಹ್ಯಾಕಾಶ ಅನುಭವಕ್ಕೆ ಬರುವಂಥದ್ದು ಏನಾದರೂ ಮಾಡಿ ತರಬೇಕೆಂದೂ ಅವರು ಹೇಳಿದರು.

ಬೇರೆ ಶಾಲೆಯವರು ರಟ್ಟಿನ ರಾಕೆಟ್ಟು ಮಾಡಲು ಹೊರಟರು. ನಾನು ಒಂದು ಆಟ ಮಾಡಿದೆ.

ಮೇಜಿನ ಸುತ್ತ ಐವರು ಕೂರಬೇಕು. ಕೂತ ಮೇಲೆ ತಮ್ಮ ಮನೆ, ಹೆಸರು ಬಿಟ್ಟು ಬೇರೆಯವರಾಗಬೇಕು. ಒಬ್ಬರು ಕ್ಯಾಪ್ಟನ್, ಒಬ್ಬರು ಚಾಲಕ, ಒಬ್ಬರು ವೈದ್ಯ, ಒಬ್ಬರು ಇಂಜಿನಿಯರ್, ಐದನೆಯವರು ರೇಡಿಯೋ ನೋಡಿಕೊಳ್ಳುವವರು. ಮೇಜಿನ ನಡುವೆ ಚೆನ್ನೆಮಣೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಎದುರೆದುರು ಏಳೇಳು ಗುಳಿ ಕೊರೆದ ಮರದ ಮಣೆ ಅದು. ತುಳುವರ ಮನೆಗಳಲ್ಲಿ ಜೋರು ಮಳೆಯ ಆಟಿ ತಿಂಗಳಲ್ಲಿ ಅದನ್ನು ಅಟ್ಟದಿಂದ ಇಳಿಸಿ, ಮಂಜೊಟ್ಟಿಯ ಕೆಂಪು ಬೀಜ ಹಾಕಿ ಆಡುತ್ತಾರೆ. ತಿಂಗಳು ಮುಗಿದರೆ ಕವುಚಿ ಅಟ್ಟಕ್ಕೆ. ನನ್ನ ಆಟದಲ್ಲಿ ಈಚೆ ಬದಿಯ ಏಳು ಗುಳಿ ಹಡಗಿನ ಉಗ್ರಾಣ: ಗಾಳಿ, ನೀರು, ಅನ್ನ, ಇಂಧನ, ಔಷಧ, ಬೆಳಕು, ಮಾತು. ಆಚೆ ಬದಿ ಮಂಗಳ. ಕವಡೆ ಹಾಕಿದಾಗ ಬಿದ್ದ ಸಂಖ್ಯೆಯ ಲಕೋಟೆ ಒಡೆದರೆ ಒಳಗೊಂದು ಸಂಕಟ ಬರೆದಿರುತ್ತದೆ. ಉಲ್ಕೆಯ ಚೂರು ಬಡಿಯಿತು, ಏನು ಮಾಡ್ತೀರಿ? ಚಾಲಕನಿಗೆ ಜ್ವರ, ಯಾರು ನಡೆಸ್ತೀರಿ? ಅವರವರೇ ಮಾತಾಡಿ ತೀರ್ಮಾನಕ್ಕೆ ಬರಬೇಕು. ಪ್ರತಿ ತೀರ್ಮಾನಕ್ಕೂ ಕಾಯಿ ಖರ್ಚು.

ಭೂಮಿ ನಾನು. ಪಕ್ಕದ ಕೋಣೆಯಲ್ಲಿ ಒಬ್ಬಳೇ ಕೂರುತ್ತಿದ್ದೆ. ಅವರು ಚೀಟಿ ಕಳಿಸಬಹುದು, ಅದಕ್ಕೆ ಮಾತಿನ ಗುಳಿಯಿಂದ ಒಂದು ಕಾಯಿ ಹೋಗುತ್ತದೆ. ನಾನು ಉತ್ತರ ಬರೆದು ಬಾಗಿಲಿನ ತನಕ ಬಂದು, ಹೊಸ್ತಿಲಲ್ಲಿ ನಿಂತು ಹದಿಮೂರರ ಮಗ್ಗಿ ಪೂರ್ತಿ ಹೇಳಿದ ಮೇಲೆಯೇ ಚೀಟಿ ಕೊಡಬೇಕು. ಬೆಳಕಿಗಿಂತ ಬೇಗ ಯಾವ ಮಾತೂ ಓಡುವುದಿಲ್ಲ, ಮಂಗಳಕ್ಕೆ ಮುಟ್ಟಲು ನಿಮಿಷಗಟ್ಟಲೆ ಬೇಕು ಎಂದು ಮಕ್ಕಳಿಗೆ ಮನದಟ್ಟು ಮಾಡಿಸುವ ಉಪಾಯ ಅದು. ಚೀಟಿ ಸಿಕ್ಕಿದವರು ಗಟ್ಟಿಯಾಗಿ "ತಲುಪಿತು" ಅನ್ನಬೇಕು. ಭೂಮಿ ಹಡಗಿನೊಳಗೆ ಕಾಲಿಡಬಾರದು. ಭೂಮಿ ಸುಳ್ಳು ಹೇಳಬಾರದು. ಈ ನಿಯಮಗಳನ್ನು ಬರೆದ ಹಾಳೆ ಗೋಡೆಗೆ ಅಂಟಿಸಿದ್ದೆ, ಕೆಳಗೆ ನನ್ನ ರುಜು ಬೇರೆ.

ಹತ್ತನೆಯ ಕ್ಲಾಸಿನ ಸುಮತಿ ಕ್ಯಾಪ್ಟನ್. ಎಂಟನೆಯ ಕ್ಲಾಸಿನ ಅವಳ ತಂಗಿ ಜಲಜ ರೇಡಿಯೋ. ಜಲಜ ಮಾತಿನ ಮಲ್ಲಿ. ಕ್ಲಾಸಿನಲ್ಲಿ ಅವಳ ಬಾಯಿ ಮುಚ್ಚಿಸಲು ಸೋತ ಹೆಡ್‌ಮಾಸ್ಟ್ರು, "ಇವಳನ್ನು ಮಂಗಳಕ್ಕೇ ಕಳಿಸಿ ಟೀಚರ್, ನಮಗೆ ಸ್ವಲ್ಪ ನೆಮ್ಮದಿ" ಎಂದಿದ್ದರು. ಅದನ್ನು ಈಗ ನೆನೆಸಿಕೊಳ್ಳಲು ನನಗೆ ಇಷ್ಟವಿಲ್ಲ.

ಚೆನ್ನೆಮಣೆ ಇದ್ದದ್ದು ಆ ಹುಡುಗಿಯರ ಮನೆಯಲ್ಲೇ. ಕೇಳಲು ಹೋದಾಗ ಅವರ ತಾಯಿ ಕಮಲಕ್ಕ ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಗಂಡ ಘಟ್ಟದ ಮೇಲೆ ಯಾವುದೋ ಹೋಟೆಲಿನಲ್ಲಿ ಕೆಲಸಕ್ಕಿದ್ದು ವರ್ಷಕ್ಕೊಮ್ಮೆ ಬರುವವರು. ಕಮಲಕ್ಕ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆಟಿಯಲ್ಲಿ ಚೆನ್ನೆ ಆಡ್ಲಿ, ಅಡ್ಡಿ ಇಲ್ಲ" ಎಂದರು. "ಆದ್ರೆ ಅಕ್ಕ ತಂಗಿ ಎದುರೆದುರು ಕೂರುವ ಕ್ರಮ ನಮ್ಮಲ್ಲಿ ಇಲ್ಲ. ಒಬ್ಬಳನ್ನು ಬಿಡಿ ಟೀಚರ್."

ಈ ಕಟ್ಟು ನನಗೆ ಗೊತ್ತಿಲ್ಲದ್ದಲ್ಲ. ಒಡಹುಟ್ಟಿದವರು ಚೆನ್ನೆಗೆ ಎದುರು ಕೂತರೆ ಒಬ್ಬರು ಇನ್ನೊಬ್ಬರಿಗೆ ಎರವಾಗುತ್ತಾರೆ ಎಂದು ನಮ್ಮ ಮನೆಯಲ್ಲೂ ಹೇಳುತ್ತಿದ್ದರು. ನಾನು ಅದನ್ನು ನಂಬುತ್ತಿರಲಿಲ್ಲ. ಆದರೂ ನಂಬದ್ದಕ್ಕೆ ಕೂಡ ಒಂದು ಉಪಾಯ ಹುಡುಕಿ ಒಪ್ಪಿಸಿಬಿಡುವ ಜಾಣತನ ನಮ್ಮ ಊರಿನವರಲ್ಲಿ ಉಂಟಲ್ಲ, ಅದು ನನ್ನಲ್ಲೂ ಇತ್ತು.

"ಒಂದೇ ಬದಿಯಲ್ಲಿ ಕೂತರೆ?"

ಕಮಲಕ್ಕ ಯೋಚಿಸಿದರು. "ಒಂದೇ ಬದಿ ಆದ್ರೆ ತೊಂದರೆ ಇಲ್ಲ. ಎದುರು ಆಗ್ಬಾರ್ದು."

ಮಣೆ ಸಿಕ್ಕಿತು. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಆಟ. ಹೊರಗೆ ಆಟಿಯ ಮಳೆ, ಒಳಗೆ ಐವರು ಮಂಗಳದ ದಾರಿಯಲ್ಲಿ. ಹಂಚಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಇಂಜಿನಿಯರ್ ಲಾರೆನ್ಸ್ "ಉಲ್ಕೆ ಬೀಳ್ತಾ ಉಂಟು, ತಲೆ ತಗ್ಗಿಸಿ" ಎಂದು ಕೂಗುತ್ತಿದ್ದ. ಮೂರು ವಾರಗಳಲ್ಲಿ ಅವರು ಪುಸ್ತಕದ ಎಷ್ಟು ಪಾಠ ಕಲಿತರೆಂದರೆ ನಾನು ಒಂದು ವರ್ಷ ಬೋರ್ಡಿನ ಮುಂದೆ ಕಿರುಚಿದರೂ ಅಷ್ಟು ಆಗುತ್ತಿರಲಿಲ್ಲ. ನನಗೆ ನನ್ನ ಮೇಲೆಯೇ ಮೆಚ್ಚುಗೆ. ಸಿಡಿಯುವಷ್ಟು ಉಬ್ಬಿದ್ದೆ.

ನಾಲ್ಕನೆಯ ಶನಿವಾರ ಹಡಗು ಮಂಗಳದಲ್ಲಿ ಇಳಿಯಿತು. ಕೆಳಗೆ ಇಳಿದು ಆಂಟೆನಾ ನಿಲ್ಲಿಸುವ ಕೆಲಸ ರೇಡಿಯೋದವಳದ್ದು. ಇಳಿದವರು ಮೇಜಿನ ಆಚೆ ಬದಿಗೆ, ಮಂಗಳದ ಬದಿಗೆ, ಹೋಗಿ ಕೂರಬೇಕು. ಆ ನಿಯಮ ಬರೆದವಳು ನಾನೇ. ಬರೆಯುವಾಗ ಕಮಲಕ್ಕನ ಮಾತು ನನ್ನ ತಲೆಗೆ ಬರಲೇ ಇಲ್ಲ. ಜಲಜ ಎದ್ದು ಹೋಗಿ ಅಕ್ಕನ ನೇರ ಎದುರು ಕೂತಳು. ಪಕ್ಕದ ಕೋಣೆಯಲ್ಲಿದ್ದ ನಾನು ಅದನ್ನು ನೋಡಲಿಲ್ಲ.

ಕವಡೆ ಬಿದ್ದದ್ದೂ ಕೆಟ್ಟದಾಗಿ. ಲಕೋಟೆಯಲ್ಲಿ ನಾನೇ ಬರೆದಿಟ್ಟ ಸಂಕಟ: ಗಾಳಿಯ ತೊಟ್ಟಿ ಒಡೆದಿದೆ, ಉಳಿದದ್ದು ನಾಲ್ವರಿಗೆ ಸಾಕು, ಮೂರು ಸರದಿಯೊಳಗೆ ಹೊರಡಬೇಕು. ಸುಮತಿಯ ಚೀಟಿ ಬಂತು. "ಭೂಮಿಗೆ. ಗಾಳಿ ನಾಲ್ವರಿಗೆ. ಐದನೆಯವಳು ಹೊರಗಿದ್ದಾಳೆ. ಏನು ಮಾಡಬೇಕು?" ಅಕ್ಷರಗಳು ಅವಸರದಲ್ಲಿ ಅಡ್ಡಾದಿಡ್ಡಿಯಾಗಿದ್ದವು. ನಾನು ಬರೆದೆ: "ಕಾಯಿರಿ. ಯಾರನ್ನೂ ಬಿಡಬೇಡಿ. ನೀರಿಗೆ ವಿದ್ಯುತ್ ಹರಿಸಿದರೆ ಗಾಳಿ ಸಿಗುತ್ತದೆ." ಅದೇ ಆ ವಾರದ ಪಾಠ. ಬಾಗಿಲಿಗೆ ಬಂದು ಮಗ್ಗಿ ಶುರು ಮಾಡಿದೆ.

ಹೊಸ್ತಿಲಿನಿಂದ ಆಗಲೇ ಕಂಡದ್ದು, ಅಕ್ಕ ತಂಗಿ ಎದುರೆದುರು ಕೂತಿದ್ದರು, ನಡುವೆ ಮಣೆ. ಜಲಜ ನಿಜವಾಗಿಯೇ ಅಳುತ್ತಿದ್ದಳು. "ನನ್ನನ್ನು ಬಿಟ್ಟು ಹೋಗ್ಬೇಡ ಅಕ್ಕ" ಅನ್ನುತ್ತಿದ್ದಳು, ಕ್ಯಾಪ್ಟನ್ ಅನ್ನುತ್ತಿರಲಿಲ್ಲ. ಮೂರನೆಯ ಸರದಿ ಮುಗಿಯಿತು. ಸುಮತಿ ಭೂಮಿಯ ಕಡೆ, ಅಂದರೆ ನನ್ನ ಕಡೆ, ಒಮ್ಮೆ ನೋಡಿದಳು. ನಾನು ಹದಿಮೂರಾರ್ಲೆ ಎಪ್ಪತ್ತೆಂಟರಲ್ಲಿದ್ದೆ. ಅವಳು ಮುಖ ತಿರುಗಿಸಿ ಮೂವರಿಗೆ "ಹೊರಡುವ" ಎಂದಳು.

ಅಷ್ಟರಲ್ಲಿ ಎದುರಿನ ಬಾಗಿಲಲ್ಲಿ ಕಮಲಕ್ಕ. ಬೀಡಿ ಒಪ್ಪಿಸಿ ಬರುವ ದಾರಿಯಲ್ಲಿ ಮಕ್ಕಳಿಗೆ ಕೊಡೆ ತಂದಿದ್ದರು. ನಿಂತು ನೋಡಿದರು. ಬೈಯಲಿಲ್ಲ. ಒಳಗೆ ಬಂದು ಮಣೆಯನ್ನು ಎರಡೂ ಕೈಯಲ್ಲಿ ಎತ್ತಿ ಕವುಚಿ ಹಾಕಿದರು. ಕಾಯಿಗಳು ನೆಲದ ತುಂಬ ಉರುಳಿದವು. ನಾನು ಒಳಗೆ ಕಾಲಿಡಬಹುದಿತ್ತು. ಒಂದು ಹೆಜ್ಜೆ. ತಪ್ಪು ನನ್ನದು ಕಮಲಕ್ಕ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ನಾನು ಚೀಟಿ ಹಿಡಿದುಕೊಂಡು, ಬಾಯಿಯಲ್ಲಿ ಹದಿಮೂರೇಳ್ಲೆ ತೊಂಬತ್ತೊಂದು ಎಂದುಕೊಂಡು, ಹೊಸ್ತಿಲಲ್ಲೇ ನಿಂತಿದ್ದೆ. ನಿಯಮ ನಿಯಮವೇ ಎಂಬ ದೊಡ್ಡಸ್ತಿಕೆ ಎಷ್ಟು ಆಳಕ್ಕೆ ಇಳಿದಿತ್ತು ನೋಡಿ. ತಾಯಿ ಚಿಕ್ಕವಳ ಕೈ ಹಿಡಿದು ಎಳೆದುಕೊಂಡು ಹೋದರು. ಸುಮತಿ ಬಗ್ಗಿ ನೆಲದ ಮೇಲಿನ ಕಾಯಿಗಳನ್ನು ಹೆಕ್ಕುತ್ತಿದ್ದಳು.

ಸೋಮವಾರ ಸಂಜೆ ಅವರ ಮನೆಗೆ ಹೋದೆ. ಕ್ಷಮೆ ಕೇಳಲು ಹೋದವಳು ಭಾಷಣ ಮಾಡಿ ಬಂದೆ. ಇದೆಲ್ಲ ಮೂಢನಂಬಿಕೆ, ಇದು ಚೆನ್ನೆ ಆಟವೇ ಅಲ್ಲ, ವಿಜ್ಞಾನ ಎಂದೆಲ್ಲ ಹೇಳಿದೆ. ಕಮಲಕ್ಕ ಎಲೆ ಕತ್ತರಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

"ನಿಮಗೆ ಓದು ಉಂಟು ಟೀಚರ್. ನನಗೆ ಎರಡೇ ಮಕ್ಕಳು" ಎಂದರು.

ಮಂಗಳವಾರ ಜಲಜಳನ್ನು ನೆರಿಯಕ್ಕೆ, ಅವಳ ಸೋದರಮಾವನ ಮನೆಗೆ ಕಳಿಸಿಬಿಟ್ಟರು. ಆಟಿ ಮುಗಿಯುವ ತನಕ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದಿದ್ದರೆ ದೋಷ ಕಳೆಯುತ್ತದೆ ಎಂದು ಯಾರೋ ತಿಳಿದವರು ಹೇಳಿದ್ದರಂತೆ. ಉಳಿಸಿಕೊಳ್ಳಲಿಕ್ಕೆಂದೇ ಕಳಿಸಿದ್ದು. ಹೊರಡುವ ಮೊದಲು ಸುಮತಿ ಹತ್ತು ಮಂಜೊಟ್ಟಿ ಕಾಯಿಗಳನ್ನು ತಂಗಿಯ ಕರವಸ್ತ್ರದ ತುದಿಗೆ ಗಂಟು ಕಟ್ಟಿ ಕೊಟ್ಟಳು. ಇದು ನಿನ್ನ ಗಾಳಿ, ಹುಣ್ಣಿಮೆಗೊಂದು ಖರ್ಚು ಮಾಡು, ಮುಗಿಯುವುದರೊಳಗೆ ನಾನು ಬಂದು ಕರೆದುಕೊಂಡು ಬರುತ್ತೇನೆ ಎಂದು ಮಾತು ಕೊಟ್ಟಳು.

ಆಟಿ ಮುಗಿಯಿತು, ಜಲಜ ಬರಲಿಲ್ಲ. ಅತ್ತೆಗೆ ಹೆರಿಗೆಯಾಗಿತ್ತು, ಮನೆಯಲ್ಲಿ ಕೈಗೆ ಜನ ಬೇಕಾಗಿತ್ತು. ಆಮೇಲೆ ನವರಾತ್ರಿ ಕಳೆಯಲಿ ಎಂದಾಯಿತು, ಆಮೇಲೆ ಹೇಗೂ ವರ್ಷ ಹಾಳಾಯಿತಲ್ಲ, ಬರುವ ಜೂನ್‌ನಲ್ಲಿ ಸೇರಿಸುವ ಎಂದಾಯಿತು. ಯಾರೂ ಕೆಟ್ಟವರಲ್ಲ. ಹಾಗೆಯೇ ಒಂದು ಹುಡುಗಿ ಶಾಲೆ ತಪ್ಪಿ ಕಾಡಂಚಿನಲ್ಲಿ ಉಳಿದಳು.

ಅವಳ ಮಾವನ ಮನೆ ನಮ್ಮ ಮನೆಯಿಂದ ಅರ್ಧ ಮೈಲಿ. ಮೊದಲನೆಯ ಭಾನುವಾರವೇ ನಾನು ಬಸ್ಸಿಗೆ ಕಾಯುತ್ತಿದ್ದಾಗ ರಸ್ತೆಯ ಮೋರಿಯ ಹತ್ತಿರ ಕಾಣಿಸಿಕೊಂಡಳು. ಅಳುಮುಖ ನೋಡಲಾರದೆ ನಾನೇ ಹೇಳಿದೆ: "ಆಟ ಮುಗಿದಿಲ್ಲ ಜಲಜ. ಭೂಮಿಗೆ ನಿನ್ನ ಸಂಪರ್ಕ ಉಂಟು. ಚೀಟಿ ಬರೆ, ನಾನು ಮುಟ್ಟಿಸ್ತೇನೆ. ಈಗ ದೂರ ಹೆಚ್ಚಾಗಿದೆ, ಉತ್ತರಕ್ಕೆ ಒಂದು ವಾರ ಬೇಕು."

ಮುಖ ಅರಳಿತು. ಅಂದಿನಿಂದ ಪ್ರತಿ ಭಾನುವಾರ ಮೋರಿಯ ಹತ್ತಿರ ಅವಳ ಚೀಟಿ, ಪ್ರತಿ ಶನಿವಾರ ಸುಮತಿಯ ಚೀಟಿ. ಭೂಮಿ ಎಲ್ಲವನ್ನೂ ಓದಬಹುದು ಎಂಬ ನಿಯಮ ಇದ್ದದ್ದರಿಂದ ನಾನು ಬಸ್ಸಿನಲ್ಲಿ ಓದಿ ಒಬ್ಬಳೇ ನಗುತ್ತಿದ್ದೆ. "ನಿನ್ನೆ ತೋಟಕ್ಕೆ ಆನೆ ಬಂದಿತ್ತು. ಮಂಗಳದಲ್ಲಿ ಜೀವಿಗಳಿವೆ ಎಂದು ದಾಖಲಿಸಲಾಗಿದೆ. ಲದ್ದಿಯ ಗಾತ್ರ ದೊಡ್ಡದು." "ಇಲ್ಲಿಯ ಮಗುವಿನ ಭಾಷೆ ಅರ್ಥವಾಗುತ್ತಿಲ್ಲ. ಅಳು ಮಾತ್ರ ಭೂಮಿಯದ್ದೇ." ಸೆಪ್ಟೆಂಬರಿನಲ್ಲಿ ನಮ್ಮ ದೇಶದ ಹೊಸ ಉಪಗ್ರಹವೊಂದು ಇಂಧನ ಮುಗಿದು ಮಾತು ನಿಲ್ಲಿಸಿತು ಎಂದು ರೇಡಿಯೋದಲ್ಲಿ ಕೇಳಿ ಬರೆದಿದ್ದಳು: "ಅದು ಈಗ ಎಲ್ಲಿದೆ? ಸುತ್ತುತ್ತಲೇ ಇರುತ್ತದಾ? ಅದಕ್ಕೆ ಹೇಳಲಿಕ್ಕೆ ಏನಾದರೂ ಬಾಕಿ ಇತ್ತಾ?" ಇದಕ್ಕೆ ಏನು ಉತ್ತರ ಬರೆಯುವುದೆಂದು ಸುಮತಿ ನನ್ನನ್ನು ಕೇಳಿದಳು. ಪ್ರತಿ ಚೀಟಿಯ ಕೊನೆಗೆ ಕಾಯಿಯ ಲೆಕ್ಕ ಇರುತ್ತಿತ್ತು. ಗಾಳಿ ಒಂಬತ್ತು. ಗಾಳಿ ಎಂಟು. ಗಾಳಿ ಏಳು. ಹುಣ್ಣಿಮೆಗೊಂದನ್ನು ನೆರಿಯದ ಹೊಳೆಗೆ ಎಸೆಯುತ್ತಿದ್ದಳು.

ಜನವರಿಯಲ್ಲಿ ಮೂಡುಬಿದಿರೆಯ ಪ್ರದರ್ಶನಕ್ಕೆ ಬೇರೆ ಮಣೆ ತಂದು ಆಡಿಸಿದೆವು. ಐದನೆಯ ಜಾಗಕ್ಕೆ ಬೇರೆ ಹುಡುಗಿಯನ್ನು ಸಿದ್ಧಮಾಡಿದ್ದೆ. ಸುಮತಿ ಕೂರಿಸಲು ಬಿಡಲಿಲ್ಲ. ಮಂಗಳದ ಬದಿಯಲ್ಲಿ ಖಾಲಿ ಕುರ್ಚಿ ಇಟ್ಟು, ಅದರ ಮೇಲೆ ತಂಗಿಯ ಹೊಸ ಚೀಟಿ ಇಟ್ಟಳು. ಬೆಂಗಳೂರಿನವರು ನಿಂತು ನೋಡಿ, ಇಲ್ಲಿ ಯಾರೂ ಇಲ್ಲವಲ್ಲ ಎಂದು ಕೇಳಿದರು.

"ಇದ್ದಾಳೆ ಸರ್" ಎಂದಳು ಸುಮತಿ. "ಮಾತು ಬರ್ಲಿಕ್ಕೆ ಒಂದು ವಾರ ಆಗ್ತದೆ ಅಷ್ಟೆ."

ಅವರಿಗೆ ಅದು ತುಂಬ ಹಿಡಿಸಿತು. ಇಡೀ ಪ್ರದರ್ಶನದಲ್ಲಿ ಇಷ್ಟು ಚೆನ್ನಾಗಿ ದೂರವನ್ನು ತೋರಿಸಿದವರು ಬೇರೆ ಇಲ್ಲ ಎಂದರು. ಆಟದ ಕ್ರಮವನ್ನು ಸೈಕ್ಲೋಸ್ಟೈಲ್ ಮಾಡಿಸಿ ಬೇರೆ ಶಾಲೆಗಳಿಗೂ ಹಂಚುವುದೆಂದು ತೀರ್ಮಾನವಾಯಿತು. ನನಗೆ ಹಾರ ಹಾಕಿದರು. ನಾನು ಹಾಕಿಸಿಕೊಂಡೆ.

ಫೆಬ್ರವರಿ ಕಳೆಯುತ್ತಿದ್ದಂತೆ ಬೆಳ್ತಂಗಡಿಯ ಕಾಡಂಚಿನ ಕಡೆಗಳಲ್ಲಿ ಮಂಗಗಳು ಸತ್ತು ಬೀಳುತ್ತಿವೆ ಎಂಬ ಸುದ್ದಿ. ಕಾಡಿಗೆ ಸೊಪ್ಪಿಗೆ ಹೋದವರಿಗೆ ಉಣ್ಣೆಹುಳ ಕಚ್ಚಿ ಜ್ವರ. ಮಂಗನ ಕಾಯಿಲೆ ಎಂದರು. ನಮ್ಮ ಮನೆಯ ಹತ್ತಿರ ಏನೂ ಇರಲಿಲ್ಲ, ಹಾಗಾಗಿ ಅದು ಎಲ್ಲೋ ಬೇರೆ ಊರಿನ ಮಾತು ಎಂದುಕೊಂಡಿದ್ದೆವು.

ಮಾರ್ಚಿನ ಒಂದು ಭಾನುವಾರ. ಸುಮತಿಯ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನು ಎಂಟು ದಿನ. ಜಲಜ ಮೋರಿಯ ಹತ್ತಿರ ತಲೆಗೆ ಮೈ ಒರೆಸುವ ಬೈರಾಸು ಸುತ್ತಿಕೊಂಡು ಕೂತಿದ್ದಳು. ಎಂದಿನಂತೆ ಎದ್ದು ಓಡಿ ಬರಲಿಲ್ಲ.

"ಎಂತ ಆಯ್ತು?"

"ತಲೆನೋವು ಟೀಚರ್. ಸೊಪ್ಪಿಗೆ ಹೋಗಿದ್ದೆ, ಬಿಸಿಲು ತಾಗಿತು ಕಾಣ್ತದೆ."

ನನ್ನ ಬ್ಯಾಗಿನಲ್ಲಿದ್ದ ತಲೆನೋವಿನ ಮುಲಾಮು ಕೊಟ್ಟೆ. ಬಸ್ಸು ಬಂತು. ಚೀಟಿಯನ್ನು ಕೈಗಿಟ್ಟು, "ಇವತ್ತೇ ಕೊಡ್ತೀರಲ್ಲ?" ಎಂದು ಕೇಳಿದಳು. ಹಾಗೆ ಹಿಂದೆ ಯಾವತ್ತೂ ಕೇಳಿರಲಿಲ್ಲ. "ಹೌದು ಮಾರಾಯ್ತಿ" ಅಂದು ಹತ್ತಿದೆ.

ಬಸ್ಸಿನಲ್ಲಿ ಓದಿದೆ. ಆನೆ ಇರಲಿಲ್ಲ, ಮಗು ಇರಲಿಲ್ಲ. ಎರಡೇ ಸಾಲು. "ಗಾಳಿ ಎರಡು ಕಾಯಿ. ಪರೀಕ್ಷೆ ಮುಗಿಯುವ ತನಕ ಕಾಯಲಿಕ್ಕೆ ಆಗುವುದಿಲ್ಲ, ಕ್ಯಾಪ್ಟನ್ ಈಗಲೇ ಬಂದು ಕರೆದುಕೊಂಡು ಹೋಗಬೇಕು."

ನಾನು ಯೋಚಿಸಿದ್ದು ಹೀಗೆ. ಇದನ್ನು ಕೊಟ್ಟರೆ ಸುಮತಿ ಪುಸ್ತಕ ಬಿಸಾಡಿ ನೆರಿಯಕ್ಕೆ ಹೊರಡುವವಳೇ. ತಾಯಿ ಬಿಡುವುದಿಲ್ಲ, ಮನೆಯಲ್ಲಿ ರಂಪವಾಗುತ್ತದೆ, ಶಾಲೆಯ ಮೊದಲ ಫಸ್ಟ್ ಕ್ಲಾಸ್ ಎಂದು ನಾನು ಲೆಕ್ಕ ಹಾಕಿಕೊಂಡಿದ್ದ ಹುಡುಗಿ ಪರೀಕ್ಷೆ ಕೆಡಿಸಿಕೊಳ್ಳುತ್ತಾಳೆ. ಚಿಕ್ಕವಳದ್ದು ಆಟದ ಹಟ. ಎರಡು ವಾರ ತಡೆದರೆ ಏನಾಗುತ್ತದೆ? ಮಂಗಳದ ಮಾತು ತಡವಾಗುವುದೇ ಅಲ್ಲವೇ? ಇಷ್ಟು ಸಲೀಸಾಗಿ ಯೋಚಿಸಿ ಚೀಟಿಯನ್ನು ಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ ಎಳೆದೆ.

ಸೋಮವಾರ ಬೆಳಿಗ್ಗೆ ಸುಮತಿ ಗೇಟಿನಲ್ಲೇ ಕಾಯುತ್ತಿದ್ದಳು. "ಈ ವಾರ ಇಲ್ಲ" ಅಂದೆ.

"ಇಲ್ವಾ?"

"ಇಲ್ಲ. ಅವಳು ಬಂದಿರಲಿಲ್ಲ."

ಅವಳ ಮುಖ ಸಣ್ಣದಾಯಿತು. "ಸಿಟ್ಟು ಬಂದಿರ್ಬೇಕು. ಕಳೆದ ವಾರ ನಾನು ಓದ್ಲಿಕ್ಕೆ ಉಂಟು ಅಂತ ಒಂದೇ ಸಾಲು ಬರೆದಿದ್ದೆ" ಎಂದಳು. ಪರೀಕ್ಷೆ ಮುಗಿಯಲಿ, ಹೋಗಿ ಕರೆದುಕೊಂಡು ಬಾ, ಎಲ್ಲ ಸರಿಹೋಗುತ್ತದೆ ಅಂದೆ. ಗೋಡೆಯ ಮೇಲಿನ ಹಾಳೆಯಲ್ಲಿ ನನ್ನ ರುಜು ಹಾಗೆಯೇ ಇತ್ತು.

ಮುಂದಿನ ಶನಿವಾರ ಪರೀಕ್ಷೆಯ ತಯಾರಿಯ ಕೆಲಸದಲ್ಲಿ ನಾನು ಊರಿಗೆ ಹೋಗಲಿಲ್ಲ. ಅದರ ಮುಂದಿನ ಶನಿವಾರವೂ ಆಗಲಿಲ್ಲ. ಕೊನೆಯ ಪೇಪರು ಮುಗಿದ ಮರುದಿನ ಬೆಳಿಗ್ಗೆ ಸುಮತಿ ಬಟ್ಟೆಯ ಚೀಲ ಹಿಡಿದು, ತಂಗಿಗೆ ಹೊಸ ರಿಬ್ಬನ್ ತೆಗೆದುಕೊಂಡು, ತಾಯಿಯನ್ನು ಒಪ್ಪಿಸಿ ನೆರಿಯಕ್ಕೆ ಹೊರಟಿದ್ದಳು. ಆಗ ಮಾವ ಕಳಿಸಿದ ಆಳು ಅವರ ಅಂಗಳಕ್ಕೆ ಬಂದ. ಜ್ವರ ಒಮ್ಮೆ ಬಿಟ್ಟು ಮತ್ತೆ ಬಂದಿತ್ತಂತೆ, ಬೆಳ್ತಂಗಡಿಯ ಆಸ್ಪತ್ರೆಗೆ ತಂದು ಎರಡು ದಿನವಾಗಿತ್ತಂತೆ, ಬೆಳಗಿನ ಜಾವ ಜೀವ ಹೋಯಿತಂತೆ.

ಡಾಕ್ಟರನ್ನು ನಾನೇ ಹೋಗಿ ಕೇಳಿದೆ. ಆ ಭಾನುವಾರದ ತಲೆನೋವೇ ಕಾಯಿಲೆಯ ಶುರು, ಅಕ್ಕ ಮೊದಲೇ ಹೋಗಿದ್ದರೂ ಹೆಚ್ಚೇನೂ ಮಾಡಲು ಆಗುತ್ತಿರಲಿಲ್ಲ ಎಂದರು. ವಿಜ್ಞಾನ ಓದಿದವಳಿಗೆ ಅದು ಅರ್ಥವಾಗುತ್ತದೆ. ಆದರೆ ಎರಡು ವಾರ ಆ ಹುಡುಗಿ ಚಾಪೆಯ ಮೇಲೆ ಮಲಗಿ ಬಾಗಿಲು ನೋಡಿರುತ್ತಾಳೆ, ಕ್ಯಾಪ್ಟನ್ ಬರಲಿಲ್ಲ, ಉತ್ತರವೂ ಬರಲಿಲ್ಲ. ಇದಕ್ಕೆ ವಿಜ್ಞಾನದಲ್ಲಿ ನನಗೆ ಏನೂ ಸಿಗಲಿಲ್ಲ.

ಹದಿಮೂರನೆಯ ದಿನ ಅವರ ಮನೆಗೆ ಹೋದೆ. ಕಮಲಕ್ಕನಿಗೆ ಅಷ್ಟರಲ್ಲಿ ಚೀಟಿಗಳ ವಿಷಯ ಗೊತ್ತಾಗಿತ್ತು. ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು, ಮೊರ ಖಾಲಿ ಇತ್ತು.

"ನಾನು ಮಣೆ ಕವುಚಿ ಹಾಕಿದೆ" ಎಂದರು. "ನೀವು ಆಟ ನಿಲ್ಲಿಸ್ಲಿಲ್ಲ ಟೀಚರ್."

ನಾನು ಆ ಚೀಟಿಯ ವಿಷಯ ಹೇಳಲೆಂದೇ ಹೋಗಿದ್ದೆ. ಹೇಳಲಿಲ್ಲ. ಜೂನ್‌ನಲ್ಲಿ ವರ್ಗ ಕೇಳಿ ತೆಗೆದುಕೊಂಡು ಉತ್ತರದ ಕಡೆ ಹೋದೆ. ಆಮೇಲೆ ಮೂವತ್ತು ವರ್ಷ ಪಾಠ ಮಾಡಿದೆ, ಗ್ರಹಗಳ ಪಾಠ ಬಂದಾಗ ಪುಸ್ತಕ ನೋಡಿ ಓದಿ ಮುಗಿಸಿದೆ. ಹದಿಮೂರರ ಮಗ್ಗಿಯನ್ನು ಮಕ್ಕಳು ಒಟ್ಟಾಗಿ ಹೇಳುವಾಗ ಕ್ಲಾಸಿನಿಂದ ಹೊರಗೆ ಹೋಗಿ ನಿಲ್ಲುತ್ತಿದ್ದೆ. ನಡುನಡುವೆ, ಯಾವ ಕಾರಣವೂ ಇಲ್ಲದೆ, ಯಾವುದೋ ಮೋರಿಯ ಹತ್ತಿರ ಬಸ್ಸು ನಿಂತಾಗ, ತಲೆಗೆ ಬೈರಾಸು ಸುತ್ತಿದ ಹುಡುಗಿ ಎದ್ದು ನಿಲ್ಲುತ್ತಾಳೆ. ಇವತ್ತೇ ಕೊಡ್ತೀರಲ್ಲ ಅನ್ನುತ್ತಾಳೆ. ದೆವ್ವ ಭೂತ ನಾನು ನಂಬುವವಳಲ್ಲ. ಆದರೂ ಕಿಟಕಿಯ ಸೀಟಿನಲ್ಲಿ ಕೂರುವುದನ್ನು ಬಿಟ್ಟು ವರ್ಷಗಳಾದವು.

ಬೆಂಚಿನ ಮೇಲೆ ಸುಮತಿ ಕಾಯುತ್ತಿದ್ದಳು. ನಲವತ್ತು ವರ್ಷ ಕಾದವಳು ಅವಸರ ಮಾಡಲಿಲ್ಲ.

"ಸಿಟ್ಟಿನಲ್ಲೇ ಹೋದ್ಲಲ್ಲ ಟೀಚರ್ ಅವಳು" ಎಂದಳು. "ಆಟದಲ್ಲಿ ನಾನು ಬಿಟ್ಟು ಹೊರಟೆ, ಆಮೇಲೆ ಒಂದೇ ಸಾಲು ಬರೆದೆ. ಅದಕ್ಕೇ ಕೊನೆಗೆ ಮಾತು ಬಿಟ್ಲು. ಹಾಗಂತಲೇ ಇಷ್ಟು ವರ್ಷ."

ಇಲ್ಲ, ಬಂದಿರಲಿಲ್ಲ ಎಂದು ಹೇಳಿ ಎದ್ದುಬಿಡಬಹುದಿತ್ತು. ಬಾಯಿಯ ತುದಿಗೆ ಅದೇ ಬಂದಿತ್ತು. ಬ್ಯಾಗಿನ ಒಳಜೇಬಿನ ಜಿಪ್ ತೆಗೆದೆ. ಈ ಬ್ಯಾಗು ಏಳನೆಯದ್ದೋ ಎಂಟನೆಯದ್ದೋ. ಹೊಸ ಬ್ಯಾಗು ಕೊಂಡಾಗಲೆಲ್ಲ ಮೊದಲು ಅದರೊಳಗೆ ಹೋಗುವುದು ಈ ಮಡಿಸಿದ ಚೀಟಿ. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗುವಂತಾಗಿತ್ತು. ಅವಳ ಅಂಗೈಯಲ್ಲಿ ಇಟ್ಟೆ.

"ಬಂದಿತ್ತು. ನಿನ್ನ ಪರೀಕ್ಷೆ ಅಂತ ನಾನೇ ಇಟ್ಟುಕೊಂಡೆ. ಇಲ್ಲ ಅಂದದ್ದು ಸುಳ್ಳು."

ಕ್ಷಮಿಸು ಅನ್ನಬೇಕಿತ್ತು. ಆ ಮಾತು ನನ್ನ ಬಾಯಿಯಲ್ಲಿ ಚಿಕ್ಕದಾಗಿ ಕಂಡಿತು.

ಸುಮತಿ ಚೀಟಿಯನ್ನು ಬಿಡಿಸಲಿಲ್ಲ. ಅಂಗೈ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ತುಟಿ ಅಲುಗುತ್ತಿತ್ತು. ಏನೋ ದೇವರ ಹೆಸರು ಹೇಳುತ್ತಿದ್ದಾಳೆ ಅಂದುಕೊಂಡೆ. ಹತ್ತಿರ ಬಾಗಿದಾಗ ಕೇಳಿಸಿತು: "ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು..." ಕಂಡಕ್ಟರುಗಳು ಕಾರ್ಕಳ, ವೇಣೂರು, ಬಂಟ್ವಾಳ ಎಂದು ಕೂಗುತ್ತಿದ್ದರು. ತೊಂಬತ್ತೊಂದರಲ್ಲಿ ಅವಳ ದನಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಲ್ಲಿಂದಲೇ ಎತ್ತಿಕೊಂಡಳು. ನೂರಮೂವತ್ತು ಆದ ಮೇಲೆ ಚೀಟಿ ಬಿಡಿಸಿದಳು.

ಎರಡು ಸಾಲನ್ನು ಅವಳು ಓದಿದಷ್ಟು ಹೊತ್ತು ಯಾರೂ ಏನನ್ನೂ ಓದಿದ್ದನ್ನು ನಾನು ನೋಡಿಲ್ಲ.

"ಸಿಟ್ಟಿರ್ಲಿಲ್ಲ ಅವಳಿಗೆ" ಎಂದಳು ಕೊನೆಗೆ. "ಕರೀತಾ ಇದ್ದಳು."

ಎದ್ದು ನಿಂತಳು. ನನ್ನ ಕಡೆ ತಿರುಗಲಿಲ್ಲ. ಅಷ್ಟು ಜನರ ನಡುವೆ, ಶಾಲೆಯ ಮೇಜಿನ ಮುಂದೆ ಹೇಳುತ್ತಿದ್ದಷ್ಟೇ ಗಟ್ಟಿಯಾಗಿ, "ತಲುಪಿತು" ಎಂದಳು. ಕಾಲೇಜು ಮಕ್ಕಳು ತಿರುಗಿ ನೋಡಿದರು. ವೇಣೂರಿನ ಬಸ್ಸು ಹೊರಟಿತ್ತು, ಅವಳು ಹೋಗಿ ಹತ್ತಿದಳು. ನಮ್ಮ ಕಡೆ ಎಂಥ ಜಗಳ ಆಡಿದವರೂ ಹೊರಡುವಾಗ ಬರ್ತೇನೆ ಎಂದು ಹೇಳಿಯೇ ಹೊರಡುತ್ತಾರೆ. ಅವಳು ಹೇಳಲಿಲ್ಲ.